ಒಂದು ವೈನಿನ ವ್ಯಾಜ್ಯ ಮತ್ತು ನೆಲದ ರುಚಿ

ಬೋರ್ಡೊ ಎಂಬ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅಪರಿಚಿತವಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ, ಕೊಳೆರೋಗ ತಗಲದಂತೆ ಗೊನೆಗಳಿಗೆ ಹೊಡೆಯುವ ದ್ರಾವಣದ ಹೆಸರು ಅದು. ಫ್ರಾನ್ಸಿನ ನೈರುತ್ಯ ಮೂಲೆಯ ಬೋರ್ಡೊ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಬಳ್ಳಿಗಳಿಗೆ ಬೂಜುರೋಗ ಬಿದ್ದಾಗ ಸಸ್ಯವಿಜ್ಞಾನಿ ಮಿಲ್ಲಾರ್ದೆ ರೂಪಿಸಿದ ಆ ಮಿಶ್ರಣ ಕಾಲಕ್ರಮದಲ್ಲಿ ನಮ್ಮ ತೋಟಗಳಿಗೂ ಬಂದು ನೆಲೆಸಿತು. ಯಾವ ಬೆಳೆಯನ್ನು ಉಳಿಸಲೆಂದು ಆ ಮದ್ದು ಹುಟ್ಟಿತೋ ಆ ಬೆಳೆಯ ರುಚಿಯ ಬಗ್ಗೆ 2004ರಲ್ಲಿ ಎದ್ದ ವ್ಯಾಜ್ಯವೊಂದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೆಂಪು ವೈನಿನ ಒಂದು ಗುಟುಕಿನ ಸುತ್ತ ನಡೆದ ಆ ಜಗಳ ಮೇಲ್ನೋಟಕ್ಕೆ ಉಳ್ಳವರ ಕಾಲಹರಣದಂತೆ ಕಾಣಬಹುದು. ಆದರೆ ಮಣ್ಣಿನಿಂದ ಬರುವ ಯಾವುದೇ ಪದಾರ್ಥದ ಬೆಲೆಯನ್ನು ಯಾರ ನಾಲಿಗೆ ನಿರ್ಧರಿಸಬೇಕು ಎಂಬ ಪ್ರಶ್ನೆ ಅದರ ಒಳಗಿತ್ತು. ಮದ್ಯಪಾನದ ಪ್ರಚಾರ ಈ ಲೇಖನದ ಉದ್ದೇಶವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಫಿ, ಮಾವು, ಜೇನು ಬೆಳೆಯುವ ನಾಡಿನ ಓದುಗರು ಈ ಪ್ರಶ್ನೆಯನ್ನು ತಮ್ಮದೆಂದೇ ಭಾವಿಸಿ ಓದಬಹುದು.

ಸಂಗತಿ ಇಷ್ಟು. ಬೋರ್ಡೊ ನಗರದ ಪೂರ್ವಕ್ಕೆ, ದೋರ್ದೋನ್ ನದಿಯ ಬಲದಂಡೆಯ ಕಡೆ, ಸೇಂತ್ ಎಮಿಲಿಯೋ ಎಂಬ ಹಳೆಯ ಊರಿದೆ. ಅಲ್ಲಿ ದಕ್ಷಿಣಕ್ಕೆ ಮುಖಮಾಡಿದ ಸುಣ್ಣಕಲ್ಲು–ಜೇಡಿಮಣ್ಣಿನ ಇಳಿಜಾರಿನ ಮೇಲೆ ಶಾತೋ ಪಾವಿ ಎಂಬ ದ್ರಾಕ್ಷಿತೋಟ. ಸೂಪರ್‌ಮಾರ್ಕೆಟ್ ವ್ಯವಹಾರದಲ್ಲಿ ಹಣ ಮಾಡಿದ್ದ ಜೆರಾರ್ ಪೆರ್ಸ್ 1998ರಲ್ಲಿ ಅದನ್ನು ಕೊಂಡು, ಇಳುವರಿ ತಗ್ಗಿಸಿ, ಹಣ್ಣನ್ನು ಬಳ್ಳಿಯಲ್ಲೇ ಚೆನ್ನಾಗಿ ಮಾಗಿಸಿ, ಗಾಢವೂ ಮಾಂಸಲವೂ ಆದ ವೈನನ್ನು ತಯಾರಿಸತೊಡಗಿದರು. 2003ರ ಬೇಸಿಗೆ ಯುರೋಪಿನಲ್ಲಿ ಅಸಾಧಾರಣ ಬೇಸಿಗೆ. ಫ್ರಾನ್ಸ್ ಒಂದರಲ್ಲೇ ಬಿಸಿಲಿನ ಝಳಕ್ಕೆ ಸುಮಾರು ಹದಿನೈದು ಸಾವಿರ ಮಂದಿ ಸತ್ತರು. ದ್ರಾಕ್ಷಿ ಬೇಗ ಮಾಗಿತು, ಸಕ್ಕರೆ ಏರಿತು, ಹುಳಿ ಇಳಿಯಿತು. ಆ ವರ್ಷದ ಪಾವಿಯನ್ನು ಮರುವರ್ಷದ ವಸಂತದಲ್ಲಿ, ಅದಿನ್ನೂ ಪೀಪಾಯಿಯಲ್ಲಿದ್ದಾಗಲೇ, ಜಗತ್ತಿನ ವಿಮರ್ಶಕರು ರುಚಿ ನೋಡಿದರು.

ಬೋರ್ಡೊ ಸೀಮೆಯ ಪದ್ಧತಿಯೇ ಹಾಗೆ. ಕೊಯ್ಲಾದ ಆರೇಳು ತಿಂಗಳಿಗೆ, ಅರೆಬೆಳೆದ ವೈನಿನ ಮಾದರಿಗಳನ್ನು ವ್ಯಾಪಾರಿಗಳಿಗೂ ವಿಮರ್ಶಕರಿಗೂ ಕೊಡುತ್ತಾರೆ. ಅವರ ಮಾತು ಹೊರಬಿದ್ದ ಮೇಲೆ ತೋಟದವರು ಬೆಲೆ ಘೋಷಿಸುತ್ತಾರೆ. ಕೊಂಡವನ ಕೈಗೆ ಸೀಸೆ ಬರುವುದು ಇನ್ನೂ ಒಂದೂವರೆ ಎರಡು ವರ್ಷಕ್ಕೆ. ಹೂವು ಕಚ್ಚಿದಾಗಲೇ ಮಾವಿನ ತೋಪನ್ನು ಗುತ್ತಿಗೆಗೆ ಕೊಡುವ ನಮ್ಮ ಶ್ರೀನಿವಾಸಪುರದ ರೂಢಿಯನ್ನು ಬಲ್ಲವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಮುಂದೇನಾಗುವುದೆಂದು ಊಹಿಸಬಲ್ಲೆನೆಂದು ಹೇಳಿಕೊಳ್ಳುವವನ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ಅಮೆರಿಕದ ರಾಬರ್ಟ್ ಪಾರ್ಕರ್ ಆ ಪಾವಿಗೆ ನೂರರ ಅಂಚಿನ ಅಂಕ ಕೊಟ್ಟರು. ಕಪ್ಪು ಮತ್ತು ಕೆಂಪು ಹಣ್ಣುಗಳು, ಖನಿಜ, ಜ್ಯೇಷ್ಠಮಧು, ಹೊಗೆ ಇವೆಲ್ಲವನ್ನೂ ಅದರಲ್ಲಿ ಕಂಡ ಅವರು, ಸೇಂತ್ ಎಮಿಲಿಯೋದ ಶ್ರೇಷ್ಠ ನೆಲವೊಂದರ ಸಾರವೇ ಅದರಲ್ಲಿ ಇಳಿದಿದೆಯೆಂದು ಸಾರಿದರು. ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ ಅದೇ ವೈನಿಗೆ ಇಪ್ಪತ್ತಕ್ಕೆ ಹನ್ನೆರಡು ಕೊಟ್ಟರು. ಅವರ ಮಾಪನದಲ್ಲಿ ಹನ್ನೆರಡೆಂದರೆ ದೋಷಯುಕ್ತ ಅಥವಾ ಸಮತೋಲ ತಪ್ಪಿದ ವೈನು. ಹಣ್ಣು ಅತಿಯಾಗಿ ಕಳಿತ ವಾಸನೆ, ಪೋರ್ಟ್‌ನಂಥ ಸಿಹಿ, ಕ್ಯಾಲಿಫೋರ್ನಿಯಾದ ತಡಕೊಯ್ಲಿನ ಜಿನ್‌ಫ್ಯಾಂಡೆಲ್ ವೈನನ್ನು ನೆನಪಿಸುವ ಗುಣ, ಬೋರ್ಡೊ ಎಂದು ಕರೆಯುವುದೇ ಹಾಸ್ಯಾಸ್ಪದ ಎಂಬ ಧಾಟಿಯಲ್ಲಿ ಅವರ ಟಿಪ್ಪಣಿಯಿತ್ತು. ಪೋರ್ಟ್ ಬೇಕಾದವರು ಪೋರ್ಚುಗಲ್ಲಿನ ದೌರೊ ಕಣಿವೆಗೆ ಹೋಗಲಿ ಎಂಬುದು ಅದರ ಇಂಗಿತ. (ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿ ಅಗ್ಗವಾಗಿ ಮಾರುವ ಸಿಹಿ ಸೀಸೆಯನ್ನೇ ನಾವು ‘ಪೋರ್ಟ್’ ಎಂದು ಕರೆದು ರೂಢಿ, ರಾಬಿನ್ಸನ್ ಉದ್ದೇಶಿಸಿದ್ದು ಅದನ್ನಲ್ಲ.) ಪಾರ್ಕರ್ ಕೆರಳಿದರು. ಆಕೆಯ ವರ್ಣನೆಗೂ ತನ್ನ ಬಾಯಿಗೆ ಸಿಕ್ಕ ರುಚಿಗೂ ಯಾವ ಸಂಬಂಧವೂ ಇಲ್ಲವೆಂದರು. ಪಾವಿಯ ಬಗ್ಗೆ ಆಕೆಗಿದ್ದ ಪೂರ್ವಗ್ರಹವನ್ನು ಎತ್ತಾಡಿದರು. ತನಗೆ ತನ್ನದೇ ಅಭಿಪ್ರಾಯವಿರುವ ಹಕ್ಕಿಲ್ಲವೇ ಎಂದು ರಾಬಿನ್ಸನ್ ತಿರುಗಿ ಕೇಳಿದರು. ಹಡಗಿನ ಎರಡು ತುದಿಯಲ್ಲಿ ನಿಂತವರಂತೆ ಉಳಿದ ವಿಮರ್ಶಕರೂ ಪಕ್ಷ ಹಿಡಿದರು.

ಇಬ್ಬರೂ ಸಾಮಾನ್ಯರಲ್ಲ. ಪಾರ್ಕರ್ ಮೇರಿಲ್ಯಾಂಡಿನ ವಕೀಲ. ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್‌ನಿಂದ ಪ್ರಭಾವಿತರಾಗಿ, ಜಾಹೀರಾತಿಗೆ ಎಡೆಯಿಲ್ಲದ ಪತ್ರಿಕೆಯೊಂದನ್ನು 1978ರಲ್ಲಿ ಆರಂಭಿಸಿದರು. ಅದೇ ಮುಂದೆ ‘ವೈನ್ ಅಡ್ವೊಕೇಟ್’ ಎಂದು ಹೆಸರಾಯಿತು. ವ್ಯಾಪಾರಿಗಳ ಔತಣ ಉಂಡು ಹೊಗಳಿಕೆ ಬರೆಯುವ ಬ್ರಿಟಿಷ್ ಬರಹಗಾರರ ಮೇಲೆ ಅವರಿಗೆ ಸಿಟ್ಟಿತ್ತು. ಆ ಸಿಟ್ಟಿನಲ್ಲಿ ಸತ್ಯವೂ ಇತ್ತು. 1982ರ ಬೋರ್ಡೊ ಬೆಳೆಯನ್ನು ಕೆಲವರು ಅನುಮಾನಿಸಿದಾಗ ಅದು ಶತಮಾನದ ಶ್ರೇಷ್ಠ ಬೆಳೆಗಳಲ್ಲೊಂದೆಂದು ಅವರು ಹೇಳಿದ್ದು ನಿಜವಾಯಿತು, ಅಲ್ಲಿಂದ ಅವರ ಮಾತಿಗೆ ಎದುರಿಲ್ಲದಾಯಿತು. ರಾಬಿನ್ಸನ್ 1984ರಲ್ಲಿ, ವ್ಯಾಪಾರಕ್ಕೆ ಸೇರದವರಲ್ಲಿ ಮೊದಲಿಗರಾಗಿ ‘ಮಾಸ್ಟರ್ ಆಫ್ ವೈನ್’ ಪರೀಕ್ಷೆ ದಾಟಿದವರು, ಆಕ್ಸ್‌ಫರ್ಡ್ ವೈನ್ ಕೋಶದ ಸಂಪಾದಕಿ. ಅಂದರೆ ಒಬ್ಬರದು ತಿಳಿಗೇಡಿತನ, ಇನ್ನೊಬ್ಬರದು ಜಾಣ್ಮೆ ಎಂದು ಹೇಳಿ ಈ ವ್ಯಾಜ್ಯವನ್ನು ಮುಗಿಸಲು ಬರುವುದಿಲ್ಲ.

ಹಾಗಾದರೆ ಆ ‘ಆಧುನಿಕ’ ಶೈಲಿಯೆಂದರೇನು? ಹಳೆಯ ಬೋರ್ಡೊ ಕೆಂಪು ವೈನಿನ ಸ್ವಭಾವವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಒಗರು ಮತ್ತು ಹುಳಿಗಳ ಸಂಸಾರ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು, ನೇರಳೆಹಣ್ಣು ತಿಂದಾಗ ನಾಲಿಗೆಯನ್ನು ಹಿಡಿದುಕೊಳ್ಳುವ ಗುಣ, ಬಾಳೆಕಾಯಿಯ ಕರೆ ಇವೆಲ್ಲ ಒಂದೇ ಜಾತಿಯವು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವುದೂ ಅದೇ. ಹೊಸದಾಗಿದ್ದಾಗ ಬಾಯಿ ಒಣಗಿಸುವ ಆ ಒಗರು ನೆಲಮಾಳಿಗೆಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮೆತ್ತಗಾಗಿ, ಹಣ್ಣಿನ ವಾಸನೆ ಹೋಗಿ ಒಣ ಎಲೆ, ಚರ್ಮ, ತಂಬಾಕುಗಳ ವಾಸನೆಯಾಗಿ ತಿರುಗುವುದೇ ಅದರ ಹೆಚ್ಚುಗಾರಿಕೆ ಎಂದು ಹಿಂದಿನವರು ನಂಬಿದ್ದರು. ಮದ್ಯಸಾರ ಶೇಕಡಾ 12ರ ಆಸುಪಾಸು. ಊಟದ ಜೊತೆಗೆ ಕುಡಿಯಬೇಕಾದದ್ದು, ಒಂಟಿಯಾಗಿ ಮೆರೆಯಬೇಕಾದದ್ದಲ್ಲ.

ಹೊಸ ಶೈಲಿಯವರು ಕಾಯುವುದನ್ನು ಸೀಸೆಯಿಂದ ಬಳ್ಳಿಗೆ ವರ್ಗಾಯಿಸಿದರು. ಬೇಸಿಗೆಯ ನಡುವೆ ಅರ್ಧದಷ್ಟು ಗೊಂಚಲುಗಳನ್ನು ಹಸಿರಾಗಿದ್ದಾಗಲೇ ಕತ್ತರಿಸಿ ನೆಲಕ್ಕೆ ಹಾಕಿ, ಉಳಿದವಕ್ಕೆ ಬಿಸಿಲು ಬೀಳಲೆಂದು ಎಲೆ ಸವರಿ, ಮಳೆ ಬರುವ ಅಪಾಯವನ್ನೂ ಲೆಕ್ಕಿಸದೆ ಕೊಯ್ಲನ್ನು ಮುಂದೂಡಿದರು. ಕೊಯ್ದ ಹಣ್ಣನ್ನು ಒಂದೊಂದಾಗಿ ಆರಿಸಿ, ಸಿಪ್ಪೆಯೊಡನೆ ಹೆಚ್ಚು ದಿನ ನೆನೆಸಿ ಬಣ್ಣ ಮತ್ತು ಸಾರವನ್ನು ಹಿಂಡಿ, ಹೊಸ ಓಕ್ ಪೀಪಾಯಿಗೆ ತುಂಬಿದರು. ಸಣ್ಣ ಗುಳ್ಳೆಗಳಾಗಿ ಆಮ್ಲಜನಕ ಹಾಯಿಸಿ ಒಗರನ್ನು ಬೇಗ ಪಳಗಿಸುವ ಉಪಾಯವನ್ನೂ ಹಲವರು ಹಿಡಿದರು. ಹೊಸ ಓಕಿನಿಂದ ವೆನಿಲ್ಲಾ, ಸುಟ್ಟ ರೊಟ್ಟಿ, ಕಾಫಿಯ ಪರಿಮಳ ಬರುತ್ತದೆ. ಫಲವಾಗಿ ಸಿಕ್ಕಿದ್ದು ಶಾಯಿಯಂಥ ಬಣ್ಣದ, ಪಾಕದಂತೆ ದಪ್ಪನಾದ, ಮೊದಲ ಗುಟುಕಿಗೇ ಬಾಯಿ ತುಂಬುವ ವೈನು. ಸೇಂತ್ ಎಮಿಲಿಯೋದಲ್ಲಿ ಇದಕ್ಕೆ ತಕ್ಕ ಮೆರ್ಲೋ ದ್ರಾಕ್ಷಿಯೇ ಮುಖ್ಯ ಬೆಳೆ. ಅದು ಬೇಗ ಮಾಗುವ, ಸಕ್ಕರೆ ಬೇಗ ತುಂಬುವ ತಳಿ. ಅಲ್ಲಿಯೇ 1991ರಲ್ಲಿ ಜಾನ್ ಲೂಕ್ ತ್ಯುನ್ವೆಂ ಎಂಬವರು ಸಣ್ಣ ತುಂಡು ಜಮೀನಿನ ಹಣ್ಣಿನಿಂದ ವಲಾಂದ್ರೋ ಎಂಬ ವೈನನ್ನು ಮಾಡಿದರು. ಅರಮನೆಯಿಲ್ಲ, ವಂಶಾವಳಿಯಿಲ್ಲ. ಪಾರ್ಕರ್ ಮೆಚ್ಚಿದರು, ಬೆಲೆ ಹಳೆಯ ಶ್ರೀಮಂತ ತೋಟಗಳ ಮಟ್ಟಕ್ಕೆ ಏರಿತು. ಗ್ಯಾರೇಜಿನಲ್ಲಿ ಮಾಡಿದ್ದೆಂದು ಹಳಬರು ಮೂದಲಿಸಿದ ಹೆಸರೇ ಒಂದು ಪಂಥದ ಹೆಸರಾಗಿ ನಿಂತಿತು.

ಈ ಭಾಗವನ್ನು ಓದಿದಾಗ ನನ್ನ ಮನಸ್ಸು ಪಾರ್ಕರ್ ಪಕ್ಷಕ್ಕೆ ವಾಲುವುದನ್ನು ಮುಚ್ಚಿಡಲಾರೆ. 1855ರ ವರ್ಗೀಕರಣ ಪಟ್ಟಿಯಲ್ಲಿ ಹೆಸರಿರುವ ಒಂದೇ ಕಾರಣಕ್ಕೆ ನೂರೈವತ್ತು ವರ್ಷ ಬೆಲೆ ಪಡೆಯುತ್ತ ಬಂದ ತೋಟಗಳಿದ್ದವು. ಇಳುವರಿ ಹೆಚ್ಚಿಸಿ, ಮಾಗದ ಹಣ್ಣು ಹಿಂಡಿ, ತೆಳ್ಳನೆಯ ನೀರನ್ನು ‘ಸೊಗಸು’ ಎಂದು ಮಾರುತ್ತಿದ್ದವರಿದ್ದರು. ಹೊರಗಿನ ವಕೀಲನೊಬ್ಬ ಬಂದು ಹೆಸರನ್ನು ಬದಿಗಿಟ್ಟು ಲೋಟವನ್ನು ಮಾತ್ರ ನೋಡುತ್ತೇನೆಂದಾಗ ಆ ಸೋಮಾರಿತನಕ್ಕೆ ಪೆಟ್ಟು ಬಿತ್ತು. ಅಂಕವೆಂಬುದು ಆಗ ಪ್ರಜಾಪ್ರಭುತ್ವದ ಉಪಕರಣವೇ ಆಗಿತ್ತು. ಅದು ಹೇಗೆ ಇನ್ನೊಂದು ಬಗೆಯ ಒಡೆತನವಾಯಿತೆಂಬುದು ಮುಂದಿನ ಕಥೆ.

2003ರ ವಸಂತದಲ್ಲಿ ಇರಾಕ್ ಯುದ್ಧದ ಕಾರಣಕ್ಕೆ ಪಾರ್ಕರ್ ಬೋರ್ಡೊಗೆ ಹೋಗಲಿಲ್ಲ. 2002ರ ವೈನುಗಳ ಬೆಲೆ ಅವರ ಅಂಕ ಹೊರಬೀಳುವ ಮೊದಲೇ ಘೋಷಣೆಯಾಗಬೇಕಾಯಿತು. ಅಲಿ, ಲೆಕೋಕ್ ಮತ್ತು ವಿಸ್ಸೆರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಇದು ಬೇಡದೆ ಸಿಕ್ಕ ಪ್ರಯೋಗ. ಬೇರೆ ವರ್ಷಗಳ ಬೆಲೆಯೊಡನೆ ಹೋಲಿಸಿ, ಪಾರ್ಕರ್ ಅಂಕದಿಂದ ಸೀಸೆಯೊಂದಕ್ಕೆ ಸರಾಸರಿ ಸುಮಾರು ಮೂರು ಯೂರೊ ಬೆಲೆ ಏರುತ್ತದೆಂದು ಅವರು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಕ್ಕ ಹಾಕಿದರು. ತೋಟವೊಂದು ವರ್ಷಕ್ಕೆ ಲಕ್ಷ ಸೀಸೆ ಮಾಡಿದರೆ ಆ ಮೂರು ಯೂರೊ ಎಷ್ಟಾಗುತ್ತದೆಂದು ಓದುಗರೇ ಗುಣಿಸಿಕೊಳ್ಳಬಹುದು. ಹೀಗಿರುವಾಗ ರೈತ ಏನು ಮಾಡುತ್ತಾನೆ? ಯಾವ ರುಚಿಗೆ ಅಂಕ ಬರುತ್ತದೋ ಆ ರುಚಿಯನ್ನು ಬೆಳೆಯುತ್ತಾನೆ. ಅದಕ್ಕಾಗಿ ಅವನನ್ನು ದೂರುವುದು ಸಲ್ಲದು. ಸಕ್ಕರೆ ಕಾರ್ಖಾನೆ ಯಾವ ತಳಿಗೆ ದುಡ್ಡು ಕೊಡುತ್ತದೋ ಆ ಕಬ್ಬನ್ನೇ ಮಂಡ್ಯದವರು ನೆಡುತ್ತಾರಲ್ಲವೇ?

ರುಚಿ ನೋಡುವ ಸಭಾಂಗಣದ ಸ್ಥಿತಿಯೂ ಇದಕ್ಕೆ ಇಂಬು ಕೊಟ್ಟಿತು. ವಿಮರ್ಶಕ ಒಂದು ಬೆಳಗ್ಗೆ ಐವತ್ತು ಅರುವತ್ತು ಮಾದರಿಗಳನ್ನು ಬಾಯಲ್ಲಿ ಹೊರಳಿಸಿ ಉಗುಳುತ್ತಾನೆ. ಇಪ್ಪತ್ತು ದಾಟುವ ಹೊತ್ತಿಗೆ ಒಗರಿನಿಂದ ನಾಲಿಗೆ ಮರಗಟ್ಟಿರುತ್ತದೆ. ಆಗ ಮೆಲುದನಿಯ ವೈನು ಕೇಳಿಸುವುದೇ ಇಲ್ಲ; ದಪ್ಪ, ಸಿಹಿ, ಮದ್ಯಸಾರದ ಕಾವು ಇದ್ದದ್ದು ಎದ್ದು ನಿಲ್ಲುತ್ತದೆ. ಮದುವೆಮನೆಯಲ್ಲಿ ಒಂದು ಸೌಟು ಪಾಯಸ ಅಮೃತವೆನಿಸುತ್ತದೆ, ಊಟವೆಲ್ಲ ಪಾಯಸವೇ ಆದರೆ ಎಲೆ ಬಿಟ್ಟು ಏಳಬೇಕಾಗುತ್ತದೆ. ಹದಿನಾಲ್ಕೂವರೆ ಡಿಗ್ರಿಯ ಗಾಢ ವೈನಿನ ಮೊದಲ ಗುಟುಕು ಕೊಡುವ ಬೆರಗು ಎರಡನೆಯ ಲೋಟದಲ್ಲಿ ಆಯಾಸವಾಗುವುದೆಂದು ಅದರ ಟೀಕಾಕಾರರು ಹೇಳುವಾಗ ಅವರು ಊಟದ ಮೇಜಿನಿಂದ ಮಾತಾಡುತ್ತಿದ್ದಾರೆ, ಸಭಾಂಗಣದಿಂದಲ್ಲ. ಒಂದೇ ವೈನಿಗೆ ಎರಡು ಕಡೆ ಎರಡು ತೀರ್ಪು ಬರುವುದು ಹೀಗೆ.

ಇದರ ನಡುವೆ ಮಿಶೆಲ್ ರೋಲಾಂ ಎಂಬ ಮೂರನೆಯ ವ್ಯಕ್ತಿಯನ್ನು ಬಿಡುವಂತಿಲ್ಲ. ಬೋರ್ಡೊ ಬಲದಂಡೆಯಲ್ಲಿ ಹುಟ್ಟಿ ಬೆಳೆದ ಈ ವೈನ್ ತಜ್ಞ ಜಗತ್ತಿನಾದ್ಯಂತ ನೂರಾರು ತೋಟಗಳಿಗೆ ಸಲಹೆಗಾರರಾದರು. ಪಾವಿಗೂ ಅವರ ಸಲಹೆಯಿತ್ತು. ಜೊನಾಥನ್ ನಾಸಿಟರ್ ಅವರ ಸಾಕ್ಷ್ಯಚಿತ್ರ ‘ಮೊಂಡೊವಿನೊ’ ಇದೇ 2004ರಲ್ಲಿ ಬಿಡುಗಡೆಯಾಗಿ, ಕಾರಿನಲ್ಲಿ ಕುಳಿತು ಫೋನಿನಲ್ಲೇ ಆಮ್ಲಜನಕ ಹಾಯಿಸಲು ಹೇಳುತ್ತ ನಗುವ ರೋಲಾಂ ಅವರನ್ನು ಜಗತ್ತಿನ ರುಚಿಗಳನ್ನೆಲ್ಲ ಒಂದೇ ಅಚ್ಚಿಗೆ ಹಾಕುವವರಂತೆ ಚಿತ್ರಿಸಿತು. ಚಿತ್ರದ ಆಪಾದನೆ ಏಕಪಕ್ಷೀಯ. ಆದರೆ ನಮಗೆ ಅದರಲ್ಲೊಂದು ಹತ್ತಿರದ ಎಳೆಯಿದೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿತೋಟಕ್ಕೆ 1990ರ ದಶಕದ ನಡುವಿನಿಂದ ಸಲಹೆ ಕೊಟ್ಟವರೂ ಇದೇ ರೋಲಾಂ. ಅಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಬಾರಿ ಸವರಿ, ಒಂದೇ ಬೆಳೆಯನ್ನು ಬೇಸಿಗೆಯ ಮುಂಚಿನ ಒಣ ತಿಂಗಳುಗಳಲ್ಲಿ ಕೊಯ್ಯಬೇಕು. ದೊಡ್ಡಬಳ್ಳಾಪುರದ ಕೆಂಪುಮಣ್ಣಿನಲ್ಲಿ ಬೆಳೆದ ಕ್ಯಾಬರ್ನೆ ದ್ರಾಕ್ಷಿಗೆ ಯಾವ ರುಚಿ ಇರಬೇಕು? ಕೇಳಲು ಅಲ್ಲಿ ಅಜ್ಜಂದಿರಿಲ್ಲ. ಬೋರ್ಡೊದಲ್ಲಿ ಸಂಪ್ರದಾಯವನ್ನು ಕೆಡಿಸಿದರೆಂದು ದೂರಿಸಿಕೊಂಡ ಮನುಷ್ಯ ಇಲ್ಲಿ ಸಂಪ್ರದಾಯದ ಮೊದಲ ಪಾಠ ಹೇಳಬೇಕಾಯಿತು.

ಸಂಪ್ರದಾಯದ ಪಕ್ಷದವರ ವಾದವನ್ನೂ ಪೂರ್ತಿ ನಂಬಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಗಿರಾಕಿಗಳ ಬಾಯಿಗೆ ಬೋರ್ಡೊ ತೆಳ್ಳಗೆನಿಸಿದ್ದರಿಂದ ಅದಕ್ಕೆ ರೋನ್ ಕಣಿವೆಯ ಹರ್ಮಿತಾಜ್ ವೈನನ್ನೋ ಸ್ಪೇನಿನ ಗಾಢ ವೈನನ್ನೋ ಬೆರೆಸಿ ಕಳಿಸುವುದು ಮಾನ್ಯ ವ್ಯವಹಾರವಾಗಿತ್ತು. ಪ್ರಸಿದ್ಧ ತೋಟಗಳೂ ಅದಕ್ಕೆ ಹೊರತಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಎಮಿಲ್ ಪೇನೋ ಎಂಬ ಬೋರ್ಡೊ ಪ್ರಾಧ್ಯಾಪಕರು, ಹಣ್ಣು ಸರಿಯಾಗಿ ಮಾಗಲಿ, ಕೊಳೆತದ್ದನ್ನು ಆರಿಸಿ ತೆಗೆಯಿರಿ, ಪಾತ್ರೆ ಶುಚಿಯಾಗಿಡಿ ಎಂದು ಬೋಧಿಸಿದಾಗ ಅವರ ಮೇಲೂ ಎಲ್ಲ ವೈನುಗಳನ್ನು ಒಂದೇ ತೆರನಾಗಿಸುತ್ತಿದ್ದಾರೆಂಬ ಆರೋಪ ಬಂತು. ಇಂದು ಅವರೇ ಶಾಸ್ತ್ರೀಯ ಬೋರ್ಡೊದ ಆಚಾರ್ಯರು. ಫಿಲ್ಟರ್ ಕಾಫಿಗೆ ಚಿಕೋರಿ ಬೆರೆಸುವುದು ಕಲಬೆರಕೆಯೋ ಸಂಪ್ರದಾಯವೋ ಎಂದು ನಮ್ಮ ಮನೆಗಳಲ್ಲಿ ವಾದ ನಡೆದಾಗಲೂ ಇದೇ ಗೊಂದಲ. ಬೆರೆಸುವುದನ್ನು ಕಲಿಸಿದ್ದು ಅಭಾವವೋ ವ್ಯಾಪಾರವೋ, ಎರಡು ತಲೆಮಾರು ಕಳೆದ ಮೇಲೆ ಅದೇ ಅಜ್ಜಿಯ ಕೈರುಚಿ.

ಆದ್ದರಿಂದ ಪಾವಿ ವ್ಯಾಜ್ಯದಲ್ಲಿ ನನಗೆ ಮುಖ್ಯವೆನಿಸುವುದು ಬೇರೊಂದು. ಇಬ್ಬರು ವಿಮರ್ಶಕರೂ ನೆಲದ ಹೆಸರನ್ನೇ ಎತ್ತಿದರು. ಸುಣ್ಣಕಲ್ಲಿನ ಸಾರ ಇದರಲ್ಲಿದೆಯೆಂದು ಒಬ್ಬರು, ಇದು ಎಲ್ಲಿಯ ವೈನಾದರೂ ಆಗಬಹುದಿತ್ತೆಂದು ಇನ್ನೊಬ್ಬರು. ಅಂಕ ಹಾಕುವಾಗ ಮೂರು ಪ್ರಶ್ನೆಗಳು ಒಂದಾಗಿಬಿಟ್ಟಿದ್ದವು. ಪದಾರ್ಥ ದೋಷವಿಲ್ಲದೆ ತಯಾರಾಗಿದೆಯೇ ಎಂಬುದು ಬಹುಮಟ್ಟಿಗೆ ಪರೀಕ್ಷಿಸಿ ಹೇಳಬಹುದಾದ ವಿಚಾರ. ನನಗೆ ಹಿಡಿಸಿತೇ ಎಂಬುದು ನನ್ನ ಬಾಯಿ, ನನ್ನ ಬಾಲ್ಯ, ನನ್ನ ಊಟದ ವಿಚಾರ. ಅದರಲ್ಲಿ ಇನ್ನೊಬ್ಬರಿಗೆ ಪ್ರವೇಶವಿಲ್ಲ. ತಾನು ಹೊತ್ತ ಹೆಸರಿಗೆ ಅದು ತಕ್ಕುದೇ ಎಂಬ ಮೂರನೆಯದು ಮಾತ್ರ ನೆರೆಹೊರೆಯವರೆಲ್ಲ ಕುಳಿತು ತರ್ಕಿಸಬೇಕಾದ ಪ್ರಶ್ನೆ, ಅದಕ್ಕೆ ಇತಿಹಾಸ ಬೇಕು, ಹೋಲಿಕೆ ಬೇಕು, ಭಿನ್ನಮತ ಬೇಕು. ನೂರಕ್ಕೆ ತೊಂಬತ್ತೆಂಟು ಎಂಬ ಅಂಕಿ ಈ ಮೂರನ್ನೂ ನುಂಗಿ ತಣ್ಣಗೆ ಕೂರುತ್ತದೆ. ಅಂಗಡಿಯ ಕಪಾಟಿನ ಮುಂದೆ ನಿಂತ ಗಿರಾಕಿಗೆ ಆ ಹೊಗಳಿಕೆ ಯಾವ ಪ್ರಶ್ನೆಗೆ ಉತ್ತರವೆಂದು ತಿಳಿಯುವ ದಾರಿಯಿಲ್ಲ. ರಾಬಿನ್ಸನ್ ಅವರ ಹನ್ನೆರಡೂ ಈ ದೃಷ್ಟಿಯಿಂದ ನಿರ್ದೋಷಿಯಲ್ಲ. ದೋಷಯುಕ್ತ ಎಂಬ ಮನೆಯಲ್ಲಿ ಅವರು ಹಾಕಿದ್ದು ದೋಷವನ್ನಲ್ಲ, ಬೋರ್ಡೊ ಹೀಗಿರಬಾರದು ಎಂಬ ತಮ್ಮ ನಂಬಿಕೆಯನ್ನು. ಆ ನಂಬಿಕೆಗೆ ಬಲವಾದ ಆಧಾರಗಳಿದ್ದವು. ಆದರೆ ಅದು ಅಂಕಿಯಾಗಿ ಬಂದಾಗ ಆಧಾರಗಳು ಮರೆಯಾದವು. ಜಗಳ ಹತ್ತಿಕೊಂಡ ಮೇಲೆ ಇಬ್ಬರೂ ಮಾತಿಗಿಳಿಯಬೇಕಾಯಿತು, ಕಾರಣ ಕೊಡಬೇಕಾಯಿತು. ಓದುಗರಿಗೆ ಲಾಭವಾದದ್ದು ಆಗ.

ಇಷ್ಟಕ್ಕೂ ಇದೆಲ್ಲ ಬರಿಯ ಭ್ರಮೆ, ವೈನ್ ರುಚಿ ಎಂಬುದೇ ಬೂಟಾಟಿಕೆ ಎನ್ನುವವರೂ ಇದ್ದಾರೆ. ಅವರ ಮೆಚ್ಚಿನ ಸಾಕ್ಷಿ ಬೋರ್ಡೊ ವಿಶ್ವವಿದ್ಯಾಲಯದ್ದೇ. 2001ರಲ್ಲಿ ಪ್ರಕಟವಾದ ಮೊರೊ, ಬ್ರೋಶೆ ಮತ್ತು ದ್ಯುಬೂರ್ದಿಯು ಅವರ ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಇದರಿಂದ ಸಿದ್ಧವಾಗುವುದು ಕಣ್ಣು ಮೂಗನ್ನು ಆಳುತ್ತದೆ ಎಂಬ ಸಂಗತಿ. ಮೂಗಿಗೆ ಏನೂ ತಿಳಿಯುವುದಿಲ್ಲವೆಂದು ಇದರಿಂದ ಸಿದ್ಧವಾಗದು. ವೇದಿಕೆಯ ಮೇಲಿನ ಗಾಯಕರ ಹೆಸರು ತಿಳಿದಾಗ ನಮ್ಮ ಕಿವಿ ಬೇರೆಯಾಗಿ ಕೇಳುತ್ತದೆ. ಹಾಗೆಂದು ಶ್ರುತಿ ಎಂಬುದೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ನಾಲಿಗೆ ತಪ್ಪಬಲ್ಲದು ಎಂದಾದರೆ ಒಂದೇ ನಾಲಿಗೆಗೆ ಅಧಿಕಾರ ಕೊಡಬಾರದೆಂಬ ವಾದಕ್ಕೇ ಬಲ ಬರುತ್ತದೆ.

ನೂರಂಕದ ಪದ್ಧತಿ ಬೋರ್ಡೊದಲ್ಲಿ ನಿಲ್ಲಲಿಲ್ಲ. ಚಿಕ್ಕಮಗಳೂರು, ಕೊಡಗಿನ ಹೊಸ ತಲೆಮಾರಿನ ಬೆಳೆಗಾರರಿಗೆ ಇಂದು ‘ಎಂಬತ್ತು ದಾಟಿತೇ?’ ಎಂಬುದು ಪರಿಚಿತ ಪ್ರಶ್ನೆ. ನೂರಕ್ಕೆ ಎಂಬತ್ತು ಬಂದ ಕಾಫಿ ‘ಸ್ಪೆಷಾಲಿಟಿ’ ಎನಿಸಿ ಬೇರೆ ಬೆಲೆ ಪಡೆಯುತ್ತದೆ. ಎಪ್ಪತ್ತೊಂಬತ್ತಕ್ಕೆ ಆ ಭಾಗ್ಯವಿಲ್ಲ. ಆಮ್ಲೀಯತೆ, ಹಣ್ಣಿನ ಪರಿಮಳಗಳಿಗೆ ಮಣೆ ಹಾಕುವ ಆ ಮಾಪನಕ್ಕೆ ಮಳೆಗಾಲದ ಗಾಳಿಗೆ ಬೀಜವನ್ನು ಒಡ್ಡಿ ಹುಳಿ ಇಳಿಸುವ ನಮ್ಮ ಮಾನ್ಸೂನ್ಡ್ ಮಲಬಾರ್ ಕಾಫಿ ಎಂದೂ ಸರಿಹೊಂದಿಲ್ಲ. ಅಂತರರಾಷ್ಟ್ರೀಯ ಸ್ಪೆಷಾಲಿಟಿ ಕಾಫಿ ಸಂಘ ತನ್ನ 2004ರ ಅಂಕಪಟ್ಟಿಯನ್ನು ಬಿಟ್ಟು 2023ರಿಂದೀಚೆಗೆ ತಂದ ಹೊಸ ಕ್ರಮದಲ್ಲಿ ಬಟ್ಟಲಲ್ಲಿ ಏನಿದೆ ಎಂಬ ವರ್ಣನೆಗೆ ಒಂದು ಹಾಳೆ, ಅದು ಎಷ್ಟು ಹಿಡಿಸಿತು ಎಂಬುದಕ್ಕೆ ಇನ್ನೊಂದು ಹಾಳೆ ಎಂದು ಬೇರ್ಪಡಿಸಿದೆ. ಎಲ್ಲಿ ಬೆಳೆದದ್ದು, ಹೇಗೆ ಸಂಸ್ಕರಿಸಿದ್ದು ಎಂಬುದಕ್ಕೂ ಪ್ರತ್ಯೇಕ ಜಾಗವಿದೆ. ಪೂರ್ಣವಲ್ಲದಿದ್ದರೂ ಸರಿಯಾದ ದಿಕ್ಕು. ವೈನಿನ ಲೋಕ ಇಷ್ಟು ಮಾಡಿಲ್ಲ.

ಅಲ್ಲಿ ಆದದ್ದೇ ಬೇರೆ. ಸೇಂತ್ ಎಮಿಲಿಯೋಗೆ 1955ರಿಂದ ತನ್ನದೇ ವರ್ಗೀಕರಣವಿದೆ, ಅದನ್ನು ಹತ್ತು ವರ್ಷಕ್ಕೊಮ್ಮೆಯಂತೆ ಪರಿಷ್ಕರಿಸುತ್ತಾರೆ. ಅತ್ಯುಚ್ಚ ‘ಎ’ ದರ್ಜೆಯಲ್ಲಿ ಮೊದಲಿನಿಂದ ಇದ್ದದ್ದು ಓಸೋನ್ ಮತ್ತು ಶೆವಾಲ್ ಬ್ಲಾಂ ಎರಡೇ. 2012ರಲ್ಲಿ ಅವುಗಳ ಪಕ್ಕಕ್ಕೆ ಆಂಜೆಲ್ಯುಸ್ ಮತ್ತು ಪಾವಿ ಏರಿದವು. ವ್ಯಾಜ್ಯ ನಡೆದ ಎಂಟು ವರ್ಷಕ್ಕೆ ಪಾವಿಗೆ ಅಧಿಕೃತ ಮುದ್ರೆ ಬಿತ್ತು. 2021ರಲ್ಲಿ ಓಸೋನ್ ಮತ್ತು ಶೆವಾಲ್ ಬ್ಲಾಂ, ವೈನು ಮತ್ತು ನೆಲಕ್ಕಿಂತ ಪ್ರಚಾರ, ಪ್ರವಾಸೋದ್ಯಮಗಳಂಥ ಮಾನದಂಡಗಳಿಗೆ ಹೆಚ್ಚು ಬೆಲೆ ಬಂದಿದೆಯೆಂದು ಆಕ್ಷೇಪಿಸಿ ಪಟ್ಟಿಯಿಂದಲೇ ಹೊರನಡೆದವು. 2022ರ ಆರಂಭದಲ್ಲಿ ಆಂಜೆಲ್ಯುಸ್ ಕೂಡ ಬಿಟ್ಟಿತು. ಅದೇ ವರ್ಷದ ಹೊಸ ಪಟ್ಟಿಯಲ್ಲಿ ‘ಎ’ ದರ್ಜೆಗೆ ಉಳಿದದ್ದು ಪಾವಿ ಮತ್ತು ಹೊಸದಾಗಿ ಬಡ್ತಿ ಪಡೆದ ಫಿಜಾಕ್. ಈ ಫಿಜಾಕ್ ಮೆರ್ಲೋಗಿಂತ ಕ್ಯಾಬರ್ನೆ ತಳಿಗಳನ್ನೇ ಹೆಚ್ಚು ಬೆಳೆಯುವ, ಸಂಯಮದ ವೈನಿಗೆ ಹೆಸರಾದ ತೋಟ. 2013ರಿಂದ ಅದಕ್ಕೆ ಸಲಹೆಗಾರರಾಗಿ ಬಂದವರು ರೋಲಾಂ ಅವರೇ. ಖಳನಾಯಕನ ಪಾತ್ರಕ್ಕೆ ಆರಿಸಿದ ಮನುಷ್ಯ ಈ ಕಥೆಯಲ್ಲಿ ಎಲ್ಲೂ ಸರಿಯಾಗಿ ಹೊಂದುವುದಿಲ್ಲ.

ಪಾರ್ಕರ್ 2019ರಲ್ಲಿ ನಿವೃತ್ತರಾದರು. ಅವರ ಪತ್ರಿಕೆ ಟಯರಿಗೂ ಹೋಟೆಲು ನಕ್ಷತ್ರಗಳಿಗೂ ಹೆಸರಾದ ಮಿಶೆಲಿನ್ ಸಂಸ್ಥೆಯ ಪಾಲಾಯಿತು. ಅವರ ಜಾಗದಲ್ಲಿ ಇನ್ನೊಬ್ಬ ಚಕ್ರವರ್ತಿ ಹುಟ್ಟಲಿಲ್ಲ. ಗಾಢ ಶೈಲಿಯ ಮೋಹವೂ ಇಳಿಯಿತು. ಬಲದಂಡೆಯ ಹಲವರು ಮೊದಲಿಗಿಂತ ಬೇಗ ಕೊಯ್ದು, ಹೊಸ ಓಕನ್ನು ತಗ್ಗಿಸಿ, ಹಗುರ ಕೈಯಲ್ಲಿ ಕೆಲಸ ಮಾಡುತ್ತಿದ್ದಾರೆ. ಪಾವಿಯ ವೈನೂ ಕಳೆದ ದಶಕದಲ್ಲಿ ಮಿದುವಾಗಿದೆಯೆಂದು ವಿಮರ್ಶಕರು ಗುರುತಿಸಿದ್ದಾರೆ. ಇದನ್ನು ರಾಬಿನ್ಸನ್ ಪಕ್ಷದ ಗೆಲುವೆಂದು ಬರೆದವರಿದ್ದಾರೆ. ನನಗೆ ಹಾಗನಿಸುವುದಿಲ್ಲ.

ಏಕೆಂದರೆ ಮಾಗಿದ ಹಣ್ಣಿಗಾಗಿ ಅಂದು ಎಲೆ ಸವರಿ, ದಿನ ಎಣಿಸಿ ಕಾಯಬೇಕಿತ್ತು. ಇಂದು ಬೇಡವೆಂದರೂ ಬಿಸಿಲು ಅದನ್ನು ಮಾಗಿಸಿ ಕೊಡುತ್ತದೆ. 2003 ಅಪವಾದವೆಂದು ಆಗ ಭಾವಿಸಿದ್ದರು. 2018, 2019, 2020, 2022 ಎಲ್ಲವೂ ಬಿಸಿ ವರ್ಷಗಳೇ. ಒಂದು ಕಾಲಕ್ಕೆ ಹನ್ನೆರಡರ ಆಸುಪಾಸಿನಲ್ಲಿದ್ದ ಮದ್ಯಸಾರ ಬಲದಂಡೆಯ ಮೆರ್ಲೋದಲ್ಲಿ ಹದಿನಾಲ್ಕು ದಾಟುವುದು ಈಗ ಸಾಮಾನ್ಯ. ರಾಬಿನ್ಸನ್ ಕಂಡ ‘ಕಳಿತ ಹಣ್ಣು’ ಯಾವ ಸಲಹೆಗಾರನ ಅಪ್ಪಣೆಯೂ ಇಲ್ಲದೆ ಬಳ್ಳಿಯಲ್ಲೇ ಸಿದ್ಧವಾಗುತ್ತದೆ. ಹಾಗಾದಾಗ ನೆಲಕ್ಕೆ ನಿಷ್ಠವಾದ ವೈನು ಯಾವುದು? ಬಿಸಿಲು ಕೊಟ್ಟಂತೆ ಮಾಡಿದ್ದೋ, ಐವತ್ತು ವರ್ಷದ ಹಿಂದಿನ ನೆನಪಿಗೆ ಹೊಂದುವಂತೆ ತಿದ್ದಿದ್ದೋ?

ಸಣ್ಣ ಬೆಳೆಗಾರರಿಗೆ ಇದು ತತ್ತ್ವದ ಪ್ರಶ್ನೆಯಾಗಿ ಉಳಿದಿಲ್ಲ. ಪಾವಿಯಂಥ ಕೆಲವೇ ತೋಟಗಳ ಬೆಲೆ ಮುಗಿಲಿಗೇರಿದರೂ, ಸಾಮಾನ್ಯ ಬೋರ್ಡೊ ವೈನು ಮಾರಾಟವಾಗದೆ ನಿಂತು, 2023ರಲ್ಲಿ ಬಳ್ಳಿ ಕಿತ್ತುಹಾಕುವವರಿಗೆ ಹೆಕ್ಟೇರಿಗೆ 6,000 ಯೂರೊ ಕೊಡುವ ಯೋಜನೆ ಬಂತು. ಸಾವಿರಾರು ಹೆಕ್ಟೇರು ತೋಟಗಳನ್ನು ಅವರೇ ಬೋಳು ಮಾಡಿದರು. ಉಳಿದವರಿಗಾಗಿ 2021ರಲ್ಲಿ ಫ್ರಾನ್ಸಿನ ಪ್ರಾಧಿಕಾರ ಆರು ಹೊಸ ತಳಿಗಳಿಗೆ ಅನುಮತಿ ಕೊಟ್ಟಿತು. ‘ಬೋರ್ಡೊ’ ಮತ್ತು ‘ಬೋರ್ಡೊ ಸುಪೀರಿಯರ್’ ಹೆಸರಿನ ವೈನುಗಳಿಗೆ ಮಾತ್ರ ಇದು ಅನ್ವಯ. ತೋಟದ ಶೇಕಡಾ 5 ಭಾಗದಲ್ಲಿ ನೆಡಬಹುದು, ಮಿಶ್ರಣದಲ್ಲಿ ಶೇಕಡಾ 10 ಮೀರುವಂತಿಲ್ಲ. ಕಾವು ತಡೆದು ತಡವಾಗಿ ಮಾಗುವ ಗುಣಕ್ಕಾಗಿ ಆರಿಸಿದ ಆ ಪಟ್ಟಿಯಲ್ಲಿ ತೂರಿಗಾ ನಾಸಿಯೊನಾಲ್ ಎಂಬ ಕೆಂಪು ದ್ರಾಕ್ಷಿಯಿದೆ. ಪೋರ್ಚುಗಲ್ಲಿನ ದೌರೊ ಕಣಿವೆಯಲ್ಲಿ ಪೋರ್ಟ್ ತಯಾರಿಸುವುದು ಅದೂ ಸೇರಿದ ತಳಿಗಳಿಂದಲೇ.